ಹದಿನೇಳನೇ ಕಂಬ

ದೂರು ಬಂದದ್ದು ಒಂದೇ ಸಾಲು:
ಸಂಜೆ ಆರರಿಂದ ಎಂಟು, ಮಾತು ಕಟ್.
ಸ್ಥಳ: ದೇವರಾಜ ಮಾರ್ಕೆಟ್ಟು, ವೀಳ್ಯದೆಲೆ ಸಾಲು.
ಹೆಸರು: ನಿಂಗಾಜಮ್ಮ.

ಬೆನ್ನಿಗೆ ಚೀಲ, ಚೀಲದೊಳಗೆ ನಾಲ್ಕು ಫೋನು
ತಮ್ಮತಮ್ಮಲ್ಲೇ ಕರೆ ಮಾಡಿಕೊಳ್ಳುತ್ತ,
ಕೊರಳಿಗೆ ತೂಗುಬಿಟ್ಟ ಟ್ಯಾಬು;
ಧನ್ವಂತರಿ ರಸ್ತೆಯಿಂದ ನಡೆದು ಬಂದೆ.
"ಸರ್ವೇನಾ ಮೇಡಂ? ಒಡೆದಾಕ್ತಾರಾ?"
ಬಾಳೆಕಾಯಿಯವನು ಕೇಳಿದ. ಇಲ್ಲ ಅಂದೆ.
ನಂಬಲಿಲ್ಲ.

ಓದುವಾಗ ಸೆಲ್ ಎಂದರೆ
ಆರು ಮೂಲೆಯ ಜೇನುಮನೆ,
ಒಂದಕ್ಕೊಂದು ಅಂಟಿ, ಸಂದಿಲ್ಲದೆ.
ಇಲ್ಲಿ ಟ್ಯಾಬಿನ ಮೇಲೆ ಮೂಡಿದ್ದು
ಕೈತಪ್ಪಿ ಕಾವಲಿಗೆ ಬಿದ್ದ ದೋಸೆ:
ಒಂದು ಕಡೆ ದಪ್ಪ, ಒಂದು ಕಡೆ ತೂತು,
ಅಂಚು ಪಕ್ಕದ ದೋಸೆಯ ಮೇಲೆ ಹತ್ತಿ.

ಮೂರು ಗಂಟೆಗೆ ಅವಳ ಮಣೆಯ ಪಕ್ಕ ನಿಂತರೆ
ನಾಲ್ಕೂ ಕಡ್ಡಿ. ಏನೂ ತಪ್ಪಿಲ್ಲ.
"ಆರಕ್ ಬಾ, ಆಗ ನೋಡೀಯೆ," ಅಂದಳು
ಎಲೆಗೆ ನೀರು ಚಿಮುಕಿಸುತ್ತ.

ಆರಕ್ಕೆ ಬಂದೆ.
ಹೂವಿನವರು, ಲಗೇಜ್ ಆಟೋದವರು, ಆಫೀಸು ಬಿಟ್ಟವರು,
"ಕೊತ್ತಂಬರಿ ತರಲಾ ಬೇಡವಾ" ಎಂದು ಮನೆಗೆ ಕೇಳುವವರು,
ಎಲ್ಲರೂ ಒಂದೇ ಹೊತ್ತಿಗೆ, ಒಂದೇ ಅಲೆಯ ಮೇಲೆ.
ಒಬ್ಬರ ಮಾತು ಮಿಕ್ಕವರಿಗೆಲ್ಲ ಗದ್ದಲ.
ಆ ಗದ್ದಲ ಮೀರಲು ಪ್ರತಿ ಫೋನೂ
ಒಡೆಯನಿಗೆ ತಿಳಿಯದೆ ದನಿ ಎತ್ತರಿಸುತ್ತದೆ.
ಹದಿನೇಳನೇ ಕಂಬದ ಮೇಲಿನ
ಟಿಫಿನ್ ಕ್ಯಾರಿಯರಿನಷ್ಟು ಪೆಟ್ಟಿಗೆ ಆಗ
ಮೈ ಕುಗ್ಗಿಸಿಕೊಳ್ಳುತ್ತದೆ:
ನೂರೈವತ್ತು ಮೀಟರಿದ್ದದ್ದು ನೂರಿಪ್ಪತ್ತು, ತೊಂಬತ್ತು.
ತುಂಬಿದ ಬಸ್ಸಿನ ಫುಟ್‌ಬೋರ್ಡಿನವನ ಹಾಗೆ
ಅಂಚಿನಲ್ಲಿದ್ದವರು ಮೊದಲು ಉದುರುತ್ತಾರೆ.
ನಿಂಗಾಜಮ್ಮನ ಮಣೆಗೂ ಕಂಬಕ್ಕೂ ತೊಂಬತ್ತೆಂಟು ಮೀಟರು.

ಎರಡು ಸಲ ಅಳೆದೆ.

"ನಮ್ಮಕ್ಕ ಕಣವ್ವ. ಪಾಂಡವಪುರದಲ್ಲವ್ಳೆ.
ಕಣ್ ಕಾಣಾಕಿಲ್ಲ.
ಎಲೆ ಏನ್ ರೇಟು ಅಂತ ದಿನಾ ಕೇಳ್ತಾಳೆ,
ಯೋಳೋದ್ರೊಳಗೆ ವೋಯ್ತದೆ."

ಉತ್ತಪ್ಪ ಸರ್ ಫೋನಿನಲ್ಲೇ ಹೇಳಿದರು: ಪವರ್ ಏರಿಸಿ.
ಏರಿಸಿದೆ. ನಿಂಗಾಜಮ್ಮ ಒಳಗೆ ಬಂದಳು.
ಸಯ್ಯಾಜಿರಾವ್ ರಸ್ತೆಯಾಚೆ, ಹದಿನೆಂಟನೇ ಕಂಬದ ಕೆಳಗೆ
ಗುಂಡಿ ಕಾಜದ ಫಯಾಜುದ್ದೀನರ ಮಾತು ಒಡೆಯಿತು.
ಹದಿನೆಂಟನ್ನು ಏರಿಸಿದರೆ ಇಪ್ಪತ್ತಕ್ಕೆ ಪೆಟ್ಟು.

ನನಗೆ ಹೊಸದಲ್ಲ ಈ ಲೆಕ್ಕ.
ಕೆ.ಜಿ. ಕೊಪ್ಪಲಿನ ನಮ್ಮ ಎರಡು ಕೋಣೆಯಲ್ಲಿ
ಮಿಕ್ಸಿ ತಿರುಗಿದರೆ ಅತ್ತೆ ಟಿವಿ ಏರಿಸುತ್ತಾರೆ,
ಟಿವಿ ಏರಿದರೆ ನಾನು ಕೂಗುತ್ತೇನೆ,
ನಾನು ಕೂಗಿದರೆ ಮಗು ಏಳುತ್ತದೆ,
ಮಗು ಅತ್ತರೆ ಟಿವಿ ಇನ್ನೆರಡು ಗೆರೆ.

ಹೊಸ ಪೆಟ್ಟಿಗೆಗೆ ಮಂಜೂರಾತಿ ಏಪ್ರಿಲ್ ಕಳೆದ ಮೇಲಂತೆ.
ಹಾಗಾಗಿ ರಾತ್ರಿ ಹನ್ನೊಂದಕ್ಕೆ ಏಣಿ ಹಾಕಿಸಿದೆ.
ಮರಂಕಯ್ಯ ಹತ್ತಿದ, ನಾನು ಕೆಳಗಿನಿಂದ ಎಣಿಸಿದೆ:
ಹದಿನೇಳರ ಮೂತಿ ಎರಡು ಡಿಗ್ರಿ ನೆಲಕ್ಕೆ,
ಹದಿನೆಂಟರದು ಮೂರು,
ಇಪ್ಪತ್ತರ ತನಕ ಎಲ್ಲರ ದನಿ ಅರ್ಧಕ್ಕೆ.
"ಕಮ್ಮಿ ಮಾಡಿದ್ರೆ ದೂರ ಕೇಳ್ತದಾ ಮೇಡಂ?"
ಕೇಳಬೇಕು, ಅಂದೆ.
ಪುಸ್ತಕ ಹಾಗನ್ನುತ್ತದೆ ಅನ್ನಲಿಲ್ಲ.

ಮರುದಿನ ಆರಕ್ಕೆ ಕರೆ ಹತ್ತಿತು, ನಿಂತಿತು.
ಗಾಡಿಚೌಕದ ಕಡೆ ಯಾರೋ ಒಬ್ಬರು ಈಗ ಹೊರಗಿರಬೇಕು;
ದೂರು ಇನ್ನೂ ಬಂದಿಲ್ಲ.

ರೇಟು ಎರಡೇ ಮಾತಿನಲ್ಲಿ ಮುಗಿಯಿತು.
ಆಮೇಲೆ ನಿಂಗಾಜಮ್ಮ
ಫೋನನ್ನು ಕಿವಿಯಿಂದ ತೆಗೆದು
ತೋಳು ನೀಡಿ ಸಾಲಿನ ಕಡೆಗೆ ಹಿಡಿದಳು:
ಬಾಳೆಕಾಯಿಯವನ ಕೂಗು, ತಳ್ಳುಗಾಡಿಯ ಕಿರ್ರು,
ಚಿಲ್ಲರೆಗೆ ಜಗಳ, ಎಲ್ಲಿಯದೋ ಹಾರನ್ನು.

"ಅವ್ಳಿಗೆ ಇದೇ ಬೇಕಂತೆ,
ಮೂವತ್ ವರ್ಸ ಈ ಮಣೆ ಮ್ಯಾಲೆ ಕುಂತಿದ್ದೋಳು."

ನಾನು ಟ್ಯಾಬಿನಲ್ಲಿ ಬರೆದೆ: ದೂರು ಬಗೆಹರಿದಿದೆ.
ಸಮಯ: ಆರು ಹದಿನಾಲ್ಕು.
ಅವಳ ಕೈ ಇನ್ನೂ ಇಳಿದಿರಲಿಲ್ಲ.